ಉಗಾಂಡಾ ರಾಷ್ಟ್ರೀಯ ಪ್ಯಾನೆಲ್ ಸಮೀಕ್ಷೆಯ ದತ್ತಾಂಶ: ಕಾಫಿ ಸೀಮೆಯ ಸಂಶೋಧಕರಿಗೆ ಒಂದು ವಿಮರ್ಶೆ

ಹಾಸನದ ಹೇಮಗಂಗೋತ್ರಿಯಲ್ಲೋ ಚಿಕ್ಕಮಗಳೂರಿನ ಕಾಲೇಜುಗಳಲ್ಲೋ ಅರ್ಥಶಾಸ್ತ್ರ ಓದುತ್ತಾ ಪ್ರಬಂಧಕ್ಕೆ ಕಾಫಿ ವಿಷಯ ಆರಿಸಿಕೊಳ್ಳುವವರ ಮುಂದೆ ಬಹುಮಟ್ಟಿಗೆ ಒಂದೇ ದಾರಿ ಇರುತ್ತದೆ. ಸಕಲೇಶಪುರದ ಕಡೆಗೋ ಮೂಡಿಗೆರೆ, ಆಲ್ದೂರಿನ ಕಡೆಗೋ ಹೋಗಿ, ಸಿಕ್ಕಷ್ಟು ಬೆಳೆಗಾರರ ಕೈಲಿ ಪ್ರಶ್ನಾವಳಿ ತುಂಬಿಸಿ, ಶೇಕಡಾವಾರು ಕೋಷ್ಟಕ ಹಾಕುವುದು. ಆ ಕೆಲಸಕ್ಕೂ ಬೆಲೆಯಿದೆ. ಆದರೆ ಅದೇ ಕುಟುಂಬ ನಾಲ್ಕು ವರ್ಷ ಬಿಟ್ಟು ಹೇಗಿದೆ, ಬೆಲೆ ಬಿದ್ದ ವರ್ಷ ಮಕ್ಕಳ ಶಾಲೆ ಖರ್ಚು ಎಲ್ಲಿಗೆ ಬಂತು, ಜಮೀನು ಯಾರ ಕೈ ಸೇರಿತು ಎಂಬ ಪ್ರಶ್ನೆಗಳಿಗೆ ಒಂದೇ ಸಲದ ಭೇಟಿಯಲ್ಲಿ ಉತ್ತರ ಸಿಗುವುದಿಲ್ಲ. ಇಂಥ ಪ್ರಶ್ನೆಗಳಿಗೆ ಒದಗುವ ದತ್ತಾಂಶವೊಂದು ಒಂದು ರೂಪಾಯಿ ಖರ್ಚಿಲ್ಲದೆ ಸಿಗುತ್ತದೆ, ಆದರೆ ಅದು ನಮ್ಮ ದೇಶದ್ದಲ್ಲ. ಅದು ಉಗಾಂಡಾ ರಾಷ್ಟ್ರೀಯ ಪ್ಯಾನೆಲ್ ಸಮೀಕ್ಷೆ; ಪ್ಯಾನೆಲ್ ಎಂದರೆ ಅದೇ ಕುಟುಂಬಗಳನ್ನು ಮತ್ತೆ ಮತ್ತೆ ಸಂದರ್ಶಿಸುವ ಕ್ರಮ. ವಿಶ್ವಬ್ಯಾಂಕಿನ ಮೈಕ್ರೋಡೇಟಾ ಲೈಬ್ರರಿ ಎಂಬ ಆನ್‌ಲೈನ್ ಭಂಡಾರದ ಮೂಲಕ ಇದು ನಮಗೆ ತಲುಪುತ್ತದೆ. ಈ ಸೇವೆ ಎಷ್ಟು ಗಟ್ಟಿ, ಎಲ್ಲಿ ಕೈಕೊಡುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ನೋಡಿದ್ದೇವೆ.

ಉಗಾಂಡಾವೇ ಏಕೆ ಎಂದರೆ, ನಮ್ಮ ಎರಡು ಜಿಲ್ಲೆಗಳಿಗೂ ಆ ದೇಶಕ್ಕೂ ಕಾಫಿ ನೀತಿಯ ಚರಿತ್ರೆಯಲ್ಲಿ ಹತ್ತಿರದ ಹೋಲಿಕೆ ಇದೆ. 1989ರ ಜುಲೈನಲ್ಲಿ ಅಂತರರಾಷ್ಟ್ರೀಯ ಕಾಫಿ ಒಪ್ಪಂದದ ಕೋಟಾ ವ್ಯವಸ್ಥೆ ಕುಸಿದಾಗ ಎರಡೂ ಕಡೆಯ ಬೆಳೆಗಾರರಿಗೆ ಪೆಟ್ಟು ಬಿತ್ತು. ಉಗಾಂಡಾದಲ್ಲಿ ಕಾಫಿ ಮಾರ್ಕೆಟಿಂಗ್ ಬೋರ್ಡಿನ ಏಕಸ್ವಾಮ್ಯ ಹೋಗಿ, 1991ರಲ್ಲಿ ಕಾಫಿ ಅಭಿವೃದ್ಧಿ ಪ್ರಾಧಿಕಾರ ಬಂತು. ನಮ್ಮಲ್ಲಿ ಕಾಫಿ ಮಂಡಳಿಯ ಪೂಲಿಂಗ್, ಅಂದರೆ ಬೆಳೆಯನ್ನು ಮಂಡಳಿಗೇ ಒಪ್ಪಿಸಬೇಕಾದ ಪದ್ಧತಿ, ಹಂತಹಂತವಾಗಿ ಸಡಿಲಗೊಂಡು 1996ರಲ್ಲಿ ಪೂರ್ತಿ ಮುಕ್ತ ಮಾರಾಟ ಬಂತು. ಅಲ್ಲಿ 1993ರಲ್ಲಿ ಕಾಣಿಸಿಕೊಂಡ ಕಾಫಿ ವಿಲ್ಟ್ ರೋಗ ರೋಬಸ್ಟಾ ಗಿಡಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟನ್ನು ನುಂಗಿತು. ಇಲ್ಲಿ ಅರೇಬಿಕಾ ಬೆಳೆಗಾರ ಬಿಳಿ ಕಾಂಡಕೊರಕದ ಕಾಟಕ್ಕೆ ಬೇಸತ್ತು ರೋಬಸ್ಟಾಕ್ಕೆ ಹೊರಳಿದ. ಇಷ್ಟು ಸಾಮ್ಯವಿರುವಾಗ ಹೋಲಿಕೆಯ ಅಧ್ಯಯನಕ್ಕೆ ಅರ್ಥ ಬರುತ್ತದೆ.

ಸಮೀಕ್ಷೆಯನ್ನು ನಡೆಸುವುದು ಉಗಾಂಡಾದ ಅಂಕಿಅಂಶ ಇಲಾಖೆ. ಇದು ಜೀವನಮಟ್ಟ ಮಾಪನದ ಕೃಷಿ ಸಮೀಕ್ಷೆಗಳು ಎಂಬ ವಿಶ್ವಬ್ಯಾಂಕ್ ಯೋಜನೆಯ ಭಾಗ. ಅದೇ ಯೋಜನೆಯಡಿ ಇಥಿಯೋಪಿಯಾ, ತಾಂಜಾನಿಯಾ, ಮಲಾವಿ, ನೈಜೀರಿಯಾ, ನೈಜರ್, ಮಾಲಿ, ಬುರ್ಕಿನಾ ಫಾಸೊಗಳ ದತ್ತಾಂಶವೂ ಇದೆ. ಉಗಾಂಡಾದ ಮಾದರಿ 322 ಗಣತಿ ಪ್ರದೇಶಗಳ ಸುಮಾರು 3,100 ಕುಟುಂಬಗಳದ್ದು. ಇವರೆಲ್ಲ 2005/06ರ ಕುಟುಂಬ ಸಮೀಕ್ಷೆಯಲ್ಲಿ ಒಮ್ಮೆ ಸಂದರ್ಶನ ಕೊಟ್ಟವರು. ಆಮೇಲೆ 2009/10, 2010/11, 2011/12, 2013/14, 2015/16, 2018/19, 2019/20ರ ಸುತ್ತುಗಳಲ್ಲಿ ಮತ್ತೆ ಮತ್ತೆ ಬಹುಮಟ್ಟಿಗೆ ಅವರನ್ನೇ ಹುಡುಕಿಕೊಂಡು ಹೋಗಿದ್ದಾರೆ. ಅಲ್ಲಿ ವರ್ಷಕ್ಕೆ ಎರಡು ಬೆಳೆ ಹಂಗಾಮು ಇರುವುದರಿಂದ ಒಂದೊಂದು ಸುತ್ತಿನಲ್ಲೂ ಎರಡು ಭೇಟಿ, ಅವುಗಳ ನಡುವೆ ಸುಮಾರು ಆರು ತಿಂಗಳ ಅಂತರ. ನಮ್ಮ ದೇಶದ ರಾಷ್ಟ್ರೀಯ ಮಾದರಿ ಸಮೀಕ್ಷೆಯ ರೈತ ಕುಟುಂಬಗಳ ಸುತ್ತುಗಳಲ್ಲಿ, ಅಂದರೆ 2012–13ರ 70ನೇ ಸುತ್ತಿನಲ್ಲೂ 2018–19ರ 77ನೇ ಸುತ್ತಿನಲ್ಲೂ, ಬೇರೆ ಬೇರೆ ಕುಟುಂಬಗಳನ್ನು ಆರಿಸಿದ್ದಾರೆ. ಒಂದೇ ಮನೆಯನ್ನು ವರ್ಷಗಟ್ಟಲೆ ಹಿಂಬಾಲಿಸಿರುವುದೇ ಉಗಾಂಡಾ ದತ್ತಾಂಶದ ದೊಡ್ಡ ಗುಣ.

ಪಡೆಯುವ ಕ್ರಮ ಸುಲಭ. ಮೈಕ್ರೋಡೇಟಾ ಲೈಬ್ರರಿಯಲ್ಲಿ ಹೆಸರು, ಇಮೇಲ್, ಸಂಸ್ಥೆಯ ಹೆಸರು ಕೊಟ್ಟು ಖಾತೆ ತೆರೆಯಬೇಕು. ಬೇಕಾದ ಸುತ್ತಿನ ಪುಟಕ್ಕೆ ಹೋಗಿ, ದತ್ತಾಂಶ ಯಾತಕ್ಕೆ ಬೇಕು ಎಂದು ನಾಲ್ಕು ಸಾಲು ಬರೆದು, ಷರತ್ತುಗಳಿಗೆ ಒಪ್ಪಿಗೆ ಕೊಟ್ಟರೆ ಜಿಪ್ ಫೈಲ್ ಇಳಿಸಿಕೊಳ್ಳಬಹುದು. ಸಾರ್ವಜನಿಕ ಬಳಕೆಯ ಫೈಲ್ ಆದ್ದರಿಂದ ಯಾರ ಸಹಿಯೂ ಬೇಕಾಗಿಲ್ಲ. ಉದ್ದೇಶದ ಜಾಗದಲ್ಲಿ ‘ಪ್ರಾಜೆಕ್ಟ್’ ಅಂತ ಒಂದು ಪದ ಬರೆದು ಬಿಡದೆ ಪ್ರಶ್ನೆ ಏನು, ಯಾವ ಸುತ್ತು, ಯಾವ ಫೈಲ್ ಎಂದು ಬರೆಯುವುದು ಒಳ್ಳೆಯದು. ನಿಮ್ಮ ಪ್ರಸ್ತಾವನೆಗೂ ಅದೇ ಬುನಾದಿಯಾಗುತ್ತದೆ. ಷರತ್ತುಗಳಲ್ಲಿ ಎರಡು ಮುಖ್ಯ: ಫೈಲನ್ನು ಬೇರೆಯವರಿಗೆ ಹಂಚುವಂತಿಲ್ಲ, ಯಾವ ಕುಟುಂಬ ಯಾರದ್ದು ಎಂದು ಪತ್ತೆ ಹಚ್ಚಲು ಯತ್ನಿಸುವಂತಿಲ್ಲ. ವಿಭಾಗದ ವಾಟ್ಸಾಪ್ ಗುಂಪಿಗೆ ಫೈಲ್ ಹಾಕಿದರೆ ಮೊದಲ ಷರತ್ತು ಮುರಿದಂತೆಯೇ. ಪ್ರತಿ ವಿದ್ಯಾರ್ಥಿಯೂ ತನ್ನ ಖಾತೆಯಿಂದಲೇ ಇಳಿಸಿಕೊಳ್ಳಲಿ.

ದತ್ತಾಂಶಕ್ಕಿಂತ ಮೊದಲು ಇಳಿಸಿಕೊಳ್ಳಬೇಕಾದದ್ದು ದಾಖಲೆಗಳನ್ನು. ಮೂಲ ಮಾಹಿತಿ ಕೈಪಿಡಿ, ಕುಟುಂಬ ಪ್ರಶ್ನಾವಳಿ, ಕೃಷಿ ಪ್ರಶ್ನಾವಳಿ, ಮಹಿಳೆಯರ ಪ್ರಶ್ನಾವಳಿ, ಸಮುದಾಯ ಪ್ರಶ್ನಾವಳಿ, ಸಂದರ್ಶಕರ ಕೈಪಿಡಿ ಎಲ್ಲವೂ ಅಲ್ಲೇ ಇವೆ. ಕೃಷಿ ಪ್ರಶ್ನಾವಳಿಯನ್ನು ಮುದ್ರಿಸಿ ಪಕ್ಕದಲ್ಲಿ ಇಟ್ಟುಕೊಳ್ಳದೆ ಫೈಲ್ ತೆರೆದರೆ ಕಾಲಂಗಳ ಹೆಸರು ನೋಡಿಯೇ ಧೈರ್ಯ ಕುಸಿಯುತ್ತದೆ: ಎ5ಎಕ್ಯೂ6ಎ, ಎ5ಎಕ್ಯೂ6ಬಿ ಎಂಬಂಥವು. ಬಿಡಿಸಿದರೆ ಕಷ್ಟವಿಲ್ಲ. ಕೃಷಿ ಪ್ರಶ್ನಾವಳಿಯ 5ನೇ ವಿಭಾಗ, ಮೊದಲ ಹಂಗಾಮು, 6ನೇ ಪ್ರಶ್ನೆ, ಅದರ ಮೊದಲ ಉತ್ತರ ಎಂದು ಓದಬೇಕು. ಆದರೆ ನಂತರದ ಸುತ್ತುಗಳಲ್ಲಿ ಈ ಹೆಸರಿಡುವ ಪದ್ಧತಿ ಬದಲಾಗಿದೆ. ಹಾಗಾಗಿ ಒಂದು ಸುತ್ತಿಗೆ ಬರೆದ ಪ್ರೋಗ್ರಾಂ ಇನ್ನೊಂದಕ್ಕೆ ನೇರವಾಗಿ ಓಡುವುದಿಲ್ಲ.

ಸ್ಟಾಟಾ ತಂತ್ರಾಂಶ ಕೊಳ್ಳಲು ಆಗದ ವಿಭಾಗಗಳಿಗೆ ಆರ್ ಎಂಬ ಉಚಿತ ತಂತ್ರಾಂಶ ಸಾಕು. ಹೇವನ್ ಪ್ಯಾಕೇಜಿನಲ್ಲಿ ಸ್ಟಾಟಾ ಫೈಲ್ ತೆರೆಯಬಹುದು, ಸರ್ವೆ ಪ್ಯಾಕೇಜಿನಲ್ಲಿ ತೂಕ (ಮಾದರಿಯ ಒಂದು ಕುಟುಂಬ ದೇಶದ ಎಷ್ಟು ಕುಟುಂಬಗಳನ್ನು ಪ್ರತಿನಿಧಿಸುತ್ತದೆ ಎಂಬ ಸಂಖ್ಯೆ) ಹಾಕಿ ಲೆಕ್ಕ ಮಾಡಬಹುದು. ಸಾಧಾರಣ ಲ್ಯಾಪ್‌ಟಾಪೇ ಸಾಕಾಗುತ್ತದೆ. ಎಕ್ಸೆಲ್ಲಿನಲ್ಲಿ ನೇರವಾಗಿ ತೆರೆಯುವುದು ಬೇಡ. ವ್ಯಕ್ತಿಗಳ ಗುರುತಿನ ಸಂಖ್ಯೆಗಳು ಉದ್ದವಾಗಿವೆ; ಎಕ್ಸೆಲ್ ಅವುಗಳನ್ನು ಘಾತಾಂಕದ ರೂಪಕ್ಕೆ ತಿರುಗಿಸಿ ತೋರಿಸುತ್ತದೆ, ಹಾಗೆಯೇ ಉಳಿಸಿದರೆ ಕೊನೆಯ ಅಂಕೆಗಳು ಕಳೆದುಹೋಗುತ್ತವೆ. ಆಮೇಲೆ ಯಾವ ಫೈಲೂ ಇನ್ನೊಂದಕ್ಕೆ ಜೋಡಣೆಯಾಗುವುದಿಲ್ಲ. ಗುರುತಿನ ಕಾಲಂ ಯಾವತ್ತೂ ಅಕ್ಷರ ರೂಪದಲ್ಲೇ ಇರಬೇಕು.

ಸುತ್ತುಗಳನ್ನು ಜೋಡಿಸುವುದು ಮೊದಲ ನಿಜವಾದ ತೊಡಕು. ಆರಂಭದ ಸುತ್ತುಗಳಲ್ಲಿ ಕುಟುಂಬದ ಗುರುತು ಅಂಕೆಗಳ ಒಂದು ಸಾಲು. 2013/14ರಲ್ಲಿ ಅಕ್ಷರ, ಅಂಕೆ, ಅಡ್ಡಗೆರೆ ಬೆರೆತ ಹೊಸ ಗುರುತು ಬಂತು, ಹಳೆಯದನ್ನು ಬೇರೊಂದು ಕಾಲಂನಲ್ಲಿ ಕೊಟ್ಟರು. ಮುಂದಿನ ಸುತ್ತುಗಳಲ್ಲಿ ರೂಪ ಮತ್ತೆ ಬದಲಾಯಿತು. ಅದೇ 2013/14ರಲ್ಲಿ ಮಾದರಿಯ ಮೂರನೇ ಒಂದು ಭಾಗ ಕುಟುಂಬಗಳನ್ನು ಕೈಬಿಟ್ಟು ಹೊಸಬರನ್ನು ಸೇರಿಸಿದರು. ಇದು ಗೊತ್ತಿಲ್ಲದವರು ಜೋಡಿಸಿದಾಗ ಸುಮಾರು ಸಾವಿರ ಕುಟುಂಬ ‘ಕಾಣೆ’ಯಾಗಿ, ವಲಸೆ ಹೆಚ್ಚಾಗಿದೆ ಎಂದು ತಪ್ಪು ತೀರ್ಮಾನಕ್ಕೆ ಬರುವ ಅಪಾಯವಿದೆ. ಪ್ರತಿ ಜೋಡಣೆಯ ನಂತರ ಎಷ್ಟು ಕುಟುಂಬ ಎರಡೂ ಕಡೆ ಸಿಕ್ಕಿತು, ಎಷ್ಟು ಒಂದೇ ಕಡೆ ಉಳಿಯಿತು ಎಂದು ಎಣಿಸಿ ಬರೆದಿಡಬೇಕು. ಪೂರ್ತಿ ಹತ್ತು ವರ್ಷದ ಸರಣಿಯ ಆಸೆ ಬಿಟ್ಟು, ಮೊದಲ ಮೂರು ಸುತ್ತುಗಳನ್ನು ಮಾತ್ರ ತೆಗೆದುಕೊಂಡರೆ ಎಂ.ಎ. ಪ್ರಬಂಧಕ್ಕೆ ಧಾರಾಳವಾಗಿ ಸಾಕು ಎಂಬುದು ನಮ್ಮ ಅಭಿಪ್ರಾಯ.

ಎರಡನೆಯ ತೊಡಕು ಕಾಫಿಯ ಅಳತೆ. ನಮ್ಮ ಓದುಗರಿಗೆ ಇದು ಬೇಗ ಅರ್ಥವಾಗುತ್ತದೆ, ಏಕೆಂದರೆ ಇದೇ ಲೆಕ್ಕದ ಮೇಲೆ ಇಲ್ಲಿನ ವ್ಯಾಪಾರವೂ ನಿಂತಿದೆ. ಉಗಾಂಡಾದ ರೈತ ಕಾಫಿಯನ್ನು ಹಸಿ ಹಣ್ಣಾಗಿ ಮಾರಬಹುದು, ಒಣ ಚೆರ್ರಿಯಾಗಿ ಮಾರಬಹುದು, ಸಿಪ್ಪೆ ತೆಗೆಸಿ ಬೀಜವಾಗಿ ಮಾರಬಹುದು. ಒಣ ಚೆರ್ರಿಗೆ ಅಲ್ಲಿ ಕಿಬೋಕೊ ಎನ್ನುತ್ತಾರೆ. ಸಿಪ್ಪೆ ತೆಗೆದದ್ದನ್ನು ಎಫ್‌ಎಕ್ಯೂ ಎಂದು ಬರೆಯುತ್ತಾರೆ. ಹಸಿ ಹಣ್ಣು ಸುಮಾರು 5 ಕೆಜಿ ಇದ್ದರೆ ಬೀಜ 1 ಕೆಜಿ; ಕಿಬೋಕೊದಲ್ಲಿ ಅರ್ಧದಷ್ಟು ಬೀಜ. 50 ಕೆಜಿ ಚೆರ್ರಿ ಮೂಟೆಗೆ ಔಟ್‌ಟರ್ನ್ (ಸಿಗುವ ಬೀಜದ ಪ್ರಮಾಣ) ಎಷ್ಟು ಎಂದು ಕೇಳದೆ ಚಿಕ್ಕಮಗಳೂರಿನಲ್ಲಿ ಯಾರೂ ರೇಟು ಒಪ್ಪುವುದಿಲ್ಲ. ದತ್ತಾಂಶದಲ್ಲಿ ಮಾತ್ರ ಆ ಪ್ರಶ್ನೆ ಕೇಳುವುದನ್ನು ಮರೆಯುತ್ತಾರೆ. ಕೊಯ್ಲಿನ ಪ್ರಮಾಣದ ಪಕ್ಕದಲ್ಲೇ ಬೆಳೆಯ ಸ್ಥಿತಿಯ ಸಂಕೇತ, ಅಳತೆಯ ಸಂಕೇತ, ಕೆಜಿಗೆ ಪರಿವರ್ತಿಸುವ ಸಂಖ್ಯೆ ಎಂಬ ಮೂರು ಕಾಲಂ ಇವೆ. ಇವುಗಳಲ್ಲಿ ಸ್ಥಿತಿಯ ಸಂಕೇತವನ್ನು ಬಿಟ್ಟು ಕೆಜಿ ಮಾಡಿದರೆ ಹಸಿ ಹಣ್ಣು ಮಾರಿದವನ ಇಳುವರಿ ಬೀಜ ಮಾರಿದವನ ಐದು ಪಟ್ಟು ಕಾಣುತ್ತದೆ.

ಪರಿವರ್ತನೆಯ ಸಂಖ್ಯೆಯನ್ನೂ ಕಣ್ಣುಮುಚ್ಚಿ ನಂಬಬಾರದು. ಅದು ರೈತ ಹೇಳಿದ್ದು. ಸಂಕೇತಗಳ ಪಟ್ಟಿಯಲ್ಲಿ 120, 100, 80, 50 ಕೆಜಿ ಎಂದು ಬೇರೆ ಬೇರೆ ಚೀಲಗಳಿವೆ, 20 ಲೀಟರಿನ ಡಬ್ಬವಿದೆ, ಬೇಸಿನ್ ಇದೆ, ಬುಟ್ಟಿ ಇದೆ. ಒಂದೇ ಅಳತೆಗೆ ಒಬ್ಬೊಬ್ಬರು ಒಂದೊಂದು ತೂಕ ಹೇಳಿರುತ್ತಾರೆ. ಒಂದೇ ಬೆಳೆ, ಒಂದೇ ಸ್ಥಿತಿ, ಒಂದೇ ಅಳತೆ, ಒಂದೇ ಪ್ರದೇಶದ ಎಲ್ಲ ಉತ್ತರಗಳ ಮಧ್ಯಾಂಕ ತೆಗೆದು ಅದನ್ನೇ ಎಲ್ಲರಿಗೂ ಹಾಕುವುದು ಸರಿಯಾದ ಪದ್ಧತಿ. ಉತ್ತರಗಳು ತೀರ ಕಡಿಮೆ ಇದ್ದರೆ ಪ್ರದೇಶ ಬಿಟ್ಟು ಇಡೀ ದೇಶದ ಮಧ್ಯಾಂಕಕ್ಕೆ ಹೋಗಬೇಕು.

ಲೆಕ್ಕ ಸರಿಯಿದೆಯೇ ಎಂದು ನೋಡಲು ಒಳ್ಳೆಯ ಪರೀಕ್ಷೆಯೊಂದಿದೆ. ಮಾರಿದ ಮೊತ್ತವನ್ನು ಮಾರಿದ ಕೆಜಿಯಿಂದ ಭಾಗಿಸಿ, ಪ್ರತಿ ಕೆಜಿಗೆ ಎಷ್ಟು ಶಿಲಿಂಗ್ ಬಂತು ನೋಡಿ. ಕಾಫಿ ಅಭಿವೃದ್ಧಿ ಪ್ರಾಧಿಕಾರದ ಮಾಸಿಕ ವರದಿಗಳಲ್ಲಿ ರೋಬಸ್ಟಾ ಕಿಬೋಕೊ, ಎಫ್‌ಎಕ್ಯೂ, ಅರೇಬಿಕಾ ಪಾರ್ಚ್‌ಮೆಂಟ್ (ಒಳಸಿಪ್ಪೆ ಸಮೇತದ ಬೀಜ), ಡ್ರೂಗರ್ ಎಂಬ ಒಣ ಅರೇಬಿಕಾ, ಇಷ್ಟಕ್ಕೂ ತೋಟದ ಬಾಗಿಲಿನ ದರ ಬೇರೆ ಬೇರೆಯಾಗಿ ಸಿಗುತ್ತದೆ. ‘ಬೀಜ’ ಎಂದು ಗುರುತಾದ ಮಾರಾಟದ ದರ ಕಿಬೋಕೊ ದರದ ಮಟ್ಟದಲ್ಲಿದ್ದರೆ ಸ್ಥಿತಿಯ ಸಂಕೇತ ತಪ್ಪಾಗಿ ಬಿದ್ದಿದೆ ಎಂದೇ ಅರ್ಥ. ಈ ಪ್ರಾಧಿಕಾರವನ್ನು 2024ರ ಕಾನೂನು ತಿದ್ದುಪಡಿಯಲ್ಲಿ ಕೃಷಿ ಸಚಿವಾಲಯದೊಳಗೆ ಸೇರಿಸಿದ್ದಾರೆ. ಹಾಗಾಗಿ ಬೇಕಾದ ವರ್ಷದ ವರದಿಗಳನ್ನು ಕಂಡ ಕೂಡಲೇ ಇಳಿಸಿಟ್ಟುಕೊಳ್ಳುವುದು ಕ್ಷೇಮ.

ಕಾಫಿಗೆ ಬೆಳೆ ಸಂಕೇತ 810, ಒಂದೇ ಒಂದು. ರೋಬಸ್ಟಾ, ಅರೇಬಿಕಾ ಬೇರೆ ಮಾಡಿಲ್ಲ. ನಮ್ಮ ಕಡೆಯ ಸಂಶೋಧಕರಿಗೆ ಇದು ದೊಡ್ಡ ಕೊರತೆ. ಮಧ್ಯ ಉಗಾಂಡಾ ಎಂದರೆ ರೋಬಸ್ಟಾ, ಪೂರ್ವದ ಎಲ್ಗಾನ್ ಬೆಟ್ಟದ ಇಳಿಜಾರು ಎಂದರೆ ಅರೇಬಿಕಾ ಎಂದು ಊಹಿಸಬಹುದು. ಆದರೆ ಪಶ್ಚಿಮದ ಕಡೆ ಎರಡೂ ಬೆರೆತಿವೆ. ಸ್ಥಳದ ಅಕ್ಷಾಂಶ ರೇಖಾಂಶ ನೋಡಿ ಎತ್ತರ ತಿಳಿಯೋಣ ಎಂದರೆ, ಗುಟ್ಟು ಕಾಯುವ ಸಲುವಾಗಿ ಗ್ರಾಮೀಣ ಪ್ರದೇಶದ ಗುರುತನ್ನು 5 ಕಿ.ಮೀ.ವರೆಗೂ, ಕೆಲವನ್ನು 10 ಕಿ.ಮೀ.ವರೆಗೂ ಬೇಕೆಂದೇ ಸರಿಸಿದ್ದಾರೆ. ಬಯಲಿನಲ್ಲಿ ಇದರಿಂದ ಏನೂ ಆಗದು. ಬೆಟ್ಟದ ಇಳಿಜಾರಿನಲ್ಲಿ 5 ಕಿ.ಮೀ. ಎಂದರೆ ಎಷ್ಟು ಎತ್ತರದ ವ್ಯತ್ಯಾಸ ಎಂಬುದನ್ನು ಚಿಕ್ಕಮಗಳೂರಿನಿಂದ ಗಿರಿ ಕಡೆ ಹತ್ತಿದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆಯ ದತ್ತಾಂಶಕ್ಕೆ ಈ ಗುರುತುಗಳು ನಡೆಯುತ್ತವೆ, ಕಾಫಿ ತಳಿಯ ತೀರ್ಮಾನಕ್ಕೆ ನಡೆಯುವುದಿಲ್ಲ.

ಜಮೀನಿನ ಅಳತೆಯಲ್ಲಿ ಮಾತ್ರ ಈ ಸಮೀಕ್ಷೆಗೆ ಪೂರ್ಣ ಅಂಕ ಕೊಡಬೇಕು. ರೈತ ಹೇಳಿದ ಎಕರೆ ಒಂದು ಕಾಲಂ, ಜಿಪಿಎಸ್ ಹಿಡಿದು ಸುತ್ತು ನಡೆದು ಅಳೆದದ್ದು ಇನ್ನೊಂದು. ಸಣ್ಣ ತುಂಡು ಜಮೀನಿನವರು ಇರುವುದಕ್ಕಿಂತ ಹೆಚ್ಚು ಹೇಳುತ್ತಾರೆ, ದೊಡ್ಡದಿರುವವರು ಕಡಿಮೆ ಹೇಳುತ್ತಾರೆ ಎಂಬುದು ಇದೇ ದತ್ತಾಂಶದಿಂದ ಸ್ಪಷ್ಟವಾಗಿದೆ. ಸಣ್ಣ ಹಿಡುವಳಿಯಲ್ಲಿ ಎಕರೆಗೆ ಇಳುವರಿ ಜಾಸ್ತಿ ಎಂಬ ಹಳೆಯ ವಾದ ಬರೀ ಅಳತೆಯ ತಪ್ಪಿನಿಂದ ಹುಟ್ಟಿದ್ದಿರಬಹುದು ಎಂದು ಅನುಮಾನಿಸಿದವರಿದ್ದರು. ಉಗಾಂಡಾದ ಜಿಪಿಎಸ್ ಅಳತೆ ಹಾಕಿ ನೋಡಿದಾಗ ಆ ಸಂಬಂಧ ಇನ್ನೂ ಬಲವಾಗಿಯೇ ಕಂಡಿತು. ಆದರೆ ಮನೆಯಿಂದ ದೂರದ ತುಂಡುಗಳನ್ನು ಅಳೆದಿಲ್ಲ. ಅಳೆದವನ್ನಷ್ಟೇ ಇಟ್ಟುಕೊಂಡರೆ ದೂರದಲ್ಲೂ ಜಮೀನಿರುವ ಕುಟುಂಬಗಳು ಬಡವರಂತೆ ಕಾಣುತ್ತವೆ. ಅಳೆದಲ್ಲಿ ಜಿಪಿಎಸ್ ಅಂಕಿ, ಅಳೆಯದಲ್ಲಿ ರೈತನ ಅಂಕಿ ಬಳಸಿ, ಯಾವುದು ಯಾವುದೆಂದು ಒಂದು ಗುರುತು ಕಾಲಂ ಇಡಬೇಕು. ಬಾಳೆಯ ನಡುವೆ ಕಾಫಿ ಬೆಳೆಯುವುದು ಅಲ್ಲಿ ಸಾಮಾನ್ಯ. ತುಂಡಿನ ಶೇಕಡಾ ಎಷ್ಟು ಭಾಗ ಯಾವ ಬೆಳೆಗೆ ಎಂಬ ಪ್ರಶ್ನೆ 4ನೇ ವಿಭಾಗದಲ್ಲಿದೆ. ಅದನ್ನು ಬಳಸದಿದ್ದರೆ ಒಂದೇ ಎಕರೆ ಬಾಳೆಗೂ ಕಾಫಿಗೂ ಎರಡು ಸಲ ಎಣಿಕೆಯಾಗುತ್ತದೆ.

ಜಮೀನಿನ ಹಕ್ಕಿನ ವಿಚಾರದಲ್ಲಿ ಒಂದು ಎಚ್ಚರ. ಒಡೆತನದ ಜಮೀನು 2ಎ ಫೈಲಿನಲ್ಲಿದೆ, ಬರೀ ಉಪಯೋಗದ ಹಕ್ಕಿರುವುದು 2ಬಿ ಫೈಲಿನಲ್ಲಿ. ಕಾಫಿ ಹೆಚ್ಚಿರುವ ಬುಗಾಂಡಾ ಸೀಮೆಯಲ್ಲಿ 1900ರ ಒಪ್ಪಂದದಿಂದ ಬಂದ ಮೈಲೊ ಎಂಬ ಪದ್ಧತಿ ಇದೆ. ಭೂಮಿ ಒಬ್ಬ ಒಡೆಯನ ಹೆಸರಲ್ಲಿ, ಉಳುವವನು ಕಿಬಾಂಜ ಹಕ್ಕಿನಲ್ಲಿ ತಲೆಮಾರುಗಳಿಂದ ಅಲ್ಲೇ. ಗೇಣಿ ಕಂಡ ನಾಡಿನವರಿಗೆ ಇದು ಹೊಸದಲ್ಲ. 2ಎ ಮಾತ್ರ ತೆಗೆದುಕೊಂಡರೆ ಇಂಥ ಕುಟುಂಬಗಳ ಒಂದು ಪಾಲು ಲೆಕ್ಕದಿಂದಲೇ ಜಾರಿಹೋಗಬಹುದು. ಎರಡೂ ಫೈಲ್ ಸೇರಿಸಿ, ಹಕ್ಕಿನ ಬಗೆಯ ಕಾಲಂ ಉಳಿಸಿಕೊಳ್ಳಿ. ಜಮೀನಿನ ನಿರ್ಧಾರ ಯಾರದ್ದು, ಮಾರಿದ ಹಣ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆಗಳೂ ಇರುವುದರಿಂದ ಹೆಣ್ಣುಮಕ್ಕಳ ಆಸ್ತಿ ಹಕ್ಕಿನ ಬಗ್ಗೆ ಕೆಲಸ ಮಾಡುವವರಿಗೆ ಇದು ಬಹಳ ಬೆಲೆಯುಳ್ಳ ಭಾಗ. ನಮ್ಮ ಜಿಲ್ಲೆಗಳ ಕಾಫಿಯ ಬಗ್ಗೆ ಈ ಮಟ್ಟದ ವಿವರ ಇದ್ದಿದ್ದರೆ ಎಷ್ಟೋ ವಾದಗಳು ಬಗೆಹರಿಯುತ್ತಿದ್ದವು.

ನಮ್ಮ ಕಾಫಿ ಮಂಡಳಿಯ ಲೆಕ್ಕದ ‘ಸಣ್ಣ ಬೆಳೆಗಾರ’ ಎಂಬ ವರ್ಗ, ಅಂದರೆ 10 ಹೆಕ್ಟೇರ್‌ವರೆಗಿನವರು, ಅಲ್ಲಿಗೆ ಹೊಂದುವುದಿಲ್ಲ. ಆ ಗೆರೆ ಎಳೆದರೆ ಉಗಾಂಡಾದ ಬಹುತೇಕ ಎಲ್ಲರೂ ಒಂದೇ ಕಡೆ ಬೀಳುತ್ತಾರೆ. ಅಲ್ಲಿನ ಹಂಚಿಕೆಯನ್ನೇ ನಾಲ್ಕು ಭಾಗ ಮಾಡಿಕೊಳ್ಳುವುದು ಲೇಸು. ಕೂಲಿಯ ವಿಚಾರವೂ ಹಾಗೆ: ಇಲ್ಲಿ ಲೈನ್ ಮನೆ, ಗುತ್ತಿಗೆ, ಹೊರ ರಾಜ್ಯದ ಕಾರ್ಮಿಕರು ಇದ್ದರೆ ಅಲ್ಲಿ ದುಡಿಮೆಯ ದೊಡ್ಡ ಪಾಲು ಮನೆಯವರದ್ದು. 3ನೇ ವಿಭಾಗದಲ್ಲಿ ಮನೆಯವರ ದಿನ, ಕೂಲಿಯವರ ದಿನ ಬೇರೆ ಬೇರೆ ಇವೆ. ಮನೆಯವರ ದುಡಿಮೆಗೆ ಸ್ಥಳೀಯ ಕೂಲಿ ದರ ಹಾಕದೆ ‘ಉಗಾಂಡಾದಲ್ಲಿ ಉತ್ಪಾದನಾ ವೆಚ್ಚ ಕಡಿಮೆ’ ಎಂದು ಬರೆಯುವುದು ನ್ಯಾಯವಲ್ಲ.

ಇನ್ನು ತೂಕ ಮತ್ತು ಪ್ರಾತಿನಿಧ್ಯ. ಕಂಪಾಲಾ, ಉಳಿದ ನಗರಗಳು, ಆಮೇಲೆ ಗ್ರಾಮೀಣ ಮಧ್ಯ, ಪೂರ್ವ, ಪಶ್ಚಿಮ, ಉತ್ತರ ಎಂಬ ಆರು ವಲಯಗಳ ಮಟ್ಟಕ್ಕೆ ಮಾತ್ರ ಈ ಮಾದರಿ ಮಾತಾಡಬಲ್ಲದು. ಜಿಲ್ಲೆಯ ಮಟ್ಟಕ್ಕೆ ಇಳಿಯುವಂತಿಲ್ಲ, ಜಿಲ್ಲೆಯ ಹೆಸರಿನ ಕಾಲಂ ಇದ್ದರೂ ಕೂಡ. ಸುತ್ತಿನ ತೂಕದ ಕಾಲಂ ಹಾಕದೆ ತೆಗೆದ ಸರಾಸರಿ ದೇಶದ ಸರಾಸರಿಯಲ್ಲ. ಕಾಫಿ ಬೆಳೆಯುವವರು ಈ 3,100ರಲ್ಲಿ ಒಂದು ಭಾಗವಷ್ಟೇ. ಅವರನ್ನೂ ವಲಯ, ಜಮೀನು, ಮನೆಯ ಯಜಮಾನಿಕೆ ಎಂದು ಸೀಳುತ್ತಾ ಹೋದರೆ ಒಂದೊಂದು ಕೋಶದಲ್ಲಿ ಬೆರಳೆಣಿಕೆಯ ಕುಟುಂಬ ಉಳಿಯುತ್ತವೆ. ಪ್ರತಿ ಕೋಷ್ಟಕದಲ್ಲೂ ಕುಟುಂಬಗಳ ಸಂಖ್ಯೆ ಹಾಕಿ; 30ಕ್ಕಿಂತ ಕಡಿಮೆ ಇದ್ದಲ್ಲಿ ಶೇಕಡಾವಾರು ಬರೆಯಬೇಡಿ.

ಬಡತನದ ವಿಷಯದಲ್ಲಿ ಪದೇ ಪದೇ ಆಗುವ ಗೊಂದಲವೊಂದಿದೆ. ಉಗಾಂಡಾದ ಅಧಿಕೃತ ಬಡತನದ ಅಂಕಿಗಳು, ಅಂದರೆ 1992/93ರ ಶೇ. 56.4, 2009/10ರ ಶೇ. 24.5, 2012/13ರ ಶೇ. 19.7, 2016/17ರ ಶೇ. 21.4, 2019/20ರ ಶೇ. 20.3, ಇವೆಲ್ಲ ಇನ್ನೂ ದೊಡ್ಡ ಮಾದರಿಯ ಬೇರೆ ಕುಟುಂಬ ಸಮೀಕ್ಷೆಯಿಂದ ಬಂದವು, ಪ್ಯಾನೆಲ್‌ನಿಂದಲ್ಲ. ಪ್ಯಾನೆಲ್‌ನಲ್ಲಿ ನೀವು ತೆಗೆದ ಅಂಕಿ ಇವಕ್ಕೆ ತಾಳೆಯಾಗದಿದ್ದರೆ ಗಾಬರಿ ಬೇಡ. ಪ್ಯಾನೆಲ್‌ನ ಕೆಲಸ ಬೇರೆ: ಬಡತನದಿಂದ ಯಾರು ಹೊರಬಂದರು, ಯಾರು ಮತ್ತೆ ಒಳಗೆ ಬಿದ್ದರು ಎಂದು ಹೇಳುವುದು.

ಯಾವ ನೀತಿಯನ್ನು ಇದರಲ್ಲಿ ಅಳೆಯಬಹುದು, ಯಾವುದನ್ನು ಆಗದು ಎಂಬುದನ್ನು ಕಾಲಾನುಕ್ರಮವೇ ಹೇಳುತ್ತದೆ. 1997ರ ಉಚಿತ ಪ್ರಾಥಮಿಕ ಶಿಕ್ಷಣ, 2001ರಲ್ಲಿ ಸರ್ಕಾರಿ ಆರೋಗ್ಯ ಕೇಂದ್ರಗಳ ಶುಲ್ಕ ರದ್ದತಿ ಎರಡೂ ಈ ಸಮೀಕ್ಷೆಗಿಂತ ಹಿಂದಿನವು. ‘ಮೊದಲು–ನಂತರ’ ಹೋಲಿಕೆ ಇಲ್ಲಿ ಸಾಧ್ಯವಿಲ್ಲ. ವೃದ್ಧರಿಗೆ ತಿಂಗಳಿಗೆ 25,000 ಶಿಲಿಂಗ್ ಕೊಡುವ ಯೋಜನೆ ಪ್ರಾಯೋಗಿಕವಾಗಿ ಶುರುವಾದದ್ದು ಮೊದಲ ಸುತ್ತುಗಳ ಹೊತ್ತಿಗೇ. ಆಗ ಇದ್ದ 65 ವರ್ಷದ ಅರ್ಹತೆಯ ಗೆರೆಯ ಆಚೆ ಈಚೆ ಹೋಲಿಸುವುದು ಆಕರ್ಷಕವಾಗಿ ಕಾಣುತ್ತದೆ. ಆದರೆ ಯೋಜನೆ ಕೆಲವೇ ಜಿಲ್ಲೆಗಳಲ್ಲಿದ್ದುದರಿಂದ ಮಾದರಿಯಲ್ಲಿ ಸಿಗುವ ಅರ್ಹ ಕುಟುಂಬಗಳು ತೀರ ಕಡಿಮೆ. 2022ರ ಫೆಬ್ರುವರಿಯಲ್ಲಿ ಶುರುವಾದ ಪ್ಯಾರಿಷ್ ಅಭಿವೃದ್ಧಿ ಮಾದರಿ, ಅಂದರೆ ಪ್ರತಿ ಪ್ಯಾರಿಷ್‌ಗೆ (ಕೆಲವು ಹಳ್ಳಿಗಳು ಸೇರಿದ ಆಡಳಿತ ಘಟಕ) ವರ್ಷಕ್ಕೆ 10 ಕೋಟಿ ಶಿಲಿಂಗ್ ಸುತ್ತುನಿಧಿ ಕೊಟ್ಟು ಕುಟುಂಬಕ್ಕೆ 10 ಲಕ್ಷದವರೆಗೆ ಸಾಲ ನೀಡುವ ಯೋಜನೆ, ಮೇಲೆ ಹೇಳಿದ ಏಳೂ ಸುತ್ತುಗಳ ನಂತರದ್ದು. ಸ್ವಸಹಾಯ ಸಂಘಗಳ ಸಾಲದ ಜೊತೆ ಅದನ್ನು ಹೋಲಿಸುವ ಆಸೆ ಇರುವವರು ಈ ಫೈಲುಗಳನ್ನು ನೆಚ್ಚಿಕೊಳ್ಳಬಾರದು.

ಅಂಕಿಗಳ ಹಿಂದಿನ ಕಥೆ ಗೊತ್ತಾಗಲು ಕಂಪಾಲಾದ ಮೆಕೆರೆರೆ ವಿಶ್ವವಿದ್ಯಾಲಯದ ಆವರಣದಲ್ಲಿರುವ ಆರ್ಥಿಕ ನೀತಿ ಸಂಶೋಧನಾ ಕೇಂದ್ರದ ಪ್ರಕಟಣೆಗಳನ್ನು ಜೊತೆಗೇ ಓದಬೇಕು. 1993ರಲ್ಲಿ ಶುರುವಾದ ಈ ಸಂಸ್ಥೆಯ ಸಂಶೋಧನಾ ಸರಣಿ, ಚಿಕ್ಕ ನೀತಿ ಟಿಪ್ಪಣಿಗಳು ಉಚಿತವಾಗಿ ಸಿಗುತ್ತವೆ. ಪ್ಯಾನೆಲ್ ದತ್ತಾಂಶ ಬಳಸಿ ಅಲ್ಲಿನವರೇ ಬರೆದ ಪ್ರಬಂಧವೊಂದನ್ನು ಆರಿಸಿ, ಅದರ ಒಂದು ಕೋಷ್ಟಕವನ್ನು ನಿಮ್ಮ ಲ್ಯಾಪ್‌ಟಾಪಿನಲ್ಲಿ ಮರುಸೃಷ್ಟಿಸಲು ಯತ್ನಿಸಿ. ಕುಟುಂಬಗಳ ಸಂಖ್ಯೆ ಮೊದಲು ತಾಳೆಯಾಗಬೇಕು, ಆಮೇಲೆ ಸರಾಸರಿ. ಸಂಖ್ಯೆಯೇ ತಾಳೆಯಾಗದಿದ್ದರೆ ತಪ್ಪು ಜೋಡಣೆಯಲ್ಲಿದೆ. ಸಂಖ್ಯೆ ಸರಿಯಿದ್ದು ಸರಾಸರಿ ತಪ್ಪಿದರೆ ಅಳತೆಯಲ್ಲೋ ತೂಕದಲ್ಲೋ ಇದೆ. ಈ ಒಂದು ಕೋಷ್ಟಕ ಕೂಡುವವರೆಗೂ ನಿಮ್ಮ ಸ್ವಂತ ಪ್ರಶ್ನೆಗೆ ಕೈಹಾಕಬೇಡಿ.

ಸುತ್ತುಗಳನ್ನು ಈಗಾಗಲೇ ಒಂದೇ ಅಚ್ಚಿಗೆ ತಂದಿರುವ ಸಮನ್ವಯಿತ ಫೈಲುಗಳೂ ವಿಶ್ವಬ್ಯಾಂಕಿನ ಕಡೆಯಿಂದ ಬಂದಿವೆ. ಹಲವು ದೇಶಗಳನ್ನು ಒಟ್ಟಿಗೆ ಹೋಲಿಸುವವರಿಗೆ ಅವು ಅನುಕೂಲ. ಕಾಫಿಯ ಕೆಲಸಕ್ಕೆ ನಾವು ಮೂಲ ಫೈಲನ್ನೇ ಶಿಫಾರಸು ಮಾಡುತ್ತೇವೆ, ಏಕೆಂದರೆ ಹಸಿ ಹಣ್ಣು, ಕಿಬೋಕೊ, ಬೀಜ ಎಂಬ ವ್ಯತ್ಯಾಸವನ್ನು ನಿಮ್ಮ ಕಣ್ಣೆದುರೇ ಬಿಡಿಸಬೇಕು. ಅರೇಬಿಕಾವೇ ಬೇಕೆನ್ನುವವರು ಉಗಾಂಡಾ ಬಿಟ್ಟು ಇದೇ ಭಂಡಾರದ ಇಥಿಯೋಪಿಯಾದ ಫೈಲುಗಳತ್ತ ಹೋಗಲಿ. ಅಲ್ಲಿ ಬೆಳೆಯುವುದೇ ಅರೇಬಿಕಾ, ತಳಿ ಊಹಿಸುವ ತಾಪತ್ರಯ ಇರುವುದಿಲ್ಲ.